ಟೇಪು ಹಿಡಿದವರ ಜಾತ್ರೆ

ಪ್ರತಿ ವರ್ಷ ಚಳಿಗಾಲದ ಕೊನೆಗೆ ಅಮೆರಿಕದ ಇಂಡಿಯಾನಾಪೊಲಿಸ್‌ನಲ್ಲಿ ಒಂದು ಜಾತ್ರೆ ಸೇರುತ್ತದೆ. ತೇರಿಲ್ಲ, ಮಂಡಕ್ಕಿ-ಬತ್ತಾಸಿಲ್ಲ. ದನದ ಜಾತ್ರೆಗೆ ಹತ್ತಿರ ಅನ್ನಬಹುದು, ಆದರೆ ದನಗಳಿಗೂ ಇಷ್ಟು ಕಾಟ ಇರುವುದಿಲ್ಲ. ಕಾಲೇಜಿನ ಮೈದಾನದಿಂದ ಎನ್‌ಎಫ್‌ಎಲ್ ಅನ್ನುವ ದೊಡ್ಡ ಅಮೆರಿಕನ್ ಫುಟ್‌ಬಾಲ್ ಲೀಗಿಗೆ ಹೊರಟ ಹುಡುಗರನ್ನು ಬರಿಗಾಲಲ್ಲಿ, ಚಡ್ಡಿಯಲ್ಲಿ ನಿಲ್ಲಿಸಿ ಅಳೆಯುತ್ತಾರೆ. ಇದಕ್ಕೆ ಕಂಬೈನ್ ಅಂತ ಹೆಸರು.

ಎಲ್ಲರಿಗಿಂತ ಜಾಸ್ತಿ ಅಳತೆಗೆ ಸಿಗುವವನು ಕ್ವಾರ್ಟರ್‌ಬ್ಯಾಕ್. ಚೆಂಡು ಎಸೆಯುವವನು. ಎತ್ತರವನ್ನು ಇಂಚಿನ ಎಂಟನೇ ಒಂದು ಭಾಗದವರೆಗೆ ಬರೆದುಕೊಳ್ಳುತ್ತಾರೆ. ಆಮೇಲೆ ಅಂಗೈ ಅಗಲಿಸಿ ಹೆಬ್ಬೆರಳ ತುದಿಯಿಂದ ಕಿರುಬೆರಳ ತುದಿಯವರೆಗೆ ಅಳತೆ. ಅದೇ, ನಮ್ಮ ಗೇಣು! ಕೋಟಿ ಕೋಟಿ ಡಾಲರ್ ವ್ಯವಹಾರ ಕೊನೆಗೆ ಗೇಣಿಗೆ ಬಂದು ನಿಂತಿತಲ್ಲ ಅಂತ ನನಗೆ ಒಳಗೊಳಗೇ ಖುಷಿ. 2020ರಲ್ಲಿ ಜೋ ಬರೋ ಎಂಬ ಹುಡುಗನ ಗೇಣು ಸರಿಯಾಗಿ 9 ಇಂಚು ಬಂತು. ನಮ್ಮ ಅಜ್ಜಿಯ ಲೆಕ್ಕದಲ್ಲಿ ಇದು ಪಕ್ಕಾ ಗೇಣು. ಆದರೆ ಅಲ್ಲಿನ ಪಂಡಿತರಿಗೆ ಚಿಂತೆ ಹತ್ತಿತು: ಕೈ ಚಿಕ್ಕದು, ಚೆಂಡು ಜಾರಿದರೆ? ಆ ಹುಡುಗನೇ, ಹಾಗಾದರೆ ನಿವೃತ್ತಿ ತಗೊಳ್ಳೋದೇ ವಾಸಿ ಅಂತ ತಮಾಷೆ ಮಾಡಿ ಸುಮ್ಮನಾದ. ತಂಡಗಳು ಸರದಿಯಲ್ಲಿ ಹೊಸ ಹುಡುಗರನ್ನು ಆರಿಸಿಕೊಳ್ಳುವ ಡ್ರಾಫ್ಟಿನಲ್ಲಿ ಮೊದಲ ಹೆಸರು ಅವನದೇ ಬಂತು.

ಎತ್ತರದ ವಿಷಯ ಇನ್ನೂ ಮಜಾ. 2019ರಲ್ಲಿ ಕೈಲರ್ ಮರ್ರೆ ಎಷ್ಟು ಎತ್ತರ ಅನ್ನುವುದು ಅಮೆರಿಕದ ಕ್ರೀಡಾ ಚಾನೆಲ್‌ಗಳಿಗೆ ದೊಡ್ಡ ಸುದ್ದಿ. ಹಿಂದಿನ ವರ್ಷವಷ್ಟೇ ಕಾಲೇಜು ಫುಟ್‌ಬಾಲಿನ ದೊಡ್ಡ ಪ್ರಶಸ್ತಿ ಹೈಸ್‌ಮನ್ ಗೆದ್ದವನು. ಎಸೆತ ಎಲ್ಲರೂ ನೋಡಿದ್ದರು. ಆದರೂ ಟೇಪು ಹೇಳುವವರೆಗೆ ಯಾರಿಗೂ ಸಮಾಧಾನವಿಲ್ಲ. ಕೊನೆಗೆ ಐದಡಿ ಹತ್ತು ಇಂಚು, ಮೇಲೆ ಇಂಚಿನ ಎಂಟನೇ ಒಂದು ಭಾಗ ಅಂತ ಬಂತು. ಹತ್ತು ದಾಟಿತಲ್ಲ ಅಂತ ಒಂದು ನಿಟ್ಟುಸಿರು! ಆ ಎಂಟನೇ ಒಂದು ಭಾಗ, ಬೆಳಿಗ್ಗೆ ಎಣ್ಣೆ ಹಾಕದೆ ತಲೆ ಬಾಚಿದ್ದರೂ ಬರಬಹುದಾದದ್ದು.

ಅಲ್ಲ, ಎತ್ತರ ಯಾಕೆ ಬೇಕು? ಕೇಳಿ ನೋಡಿ, ಉತ್ತರ ರೆಡಿ ಇದೆ. ತನ್ನನ್ನು ಕಾಯುವ ಮುಂದಿನ ಸಾಲಿನ ಮೇಲಿಂದ ನೋಡಬೇಕಲ್ಲ! ಆ ಸಾಲಿನಲ್ಲಿ ನಿಲ್ಲುವವರು ಸಾಮಾನ್ಯವಾಗಿ ಆರಡಿ ನಾಲ್ಕರಿಂದ ಆರು ಇಂಚಿನ ಆಸಾಮಿಗಳು. ತೂಕ 140 ಕೆಜಿ ಆಸುಪಾಸು. ಮೇಲೆ ಹೆಲ್ಮೆಟ್. ಎದುರಿನಿಂದ ಅಂಥವರೇ ಕೈ ಮೇಲೆತ್ತಿಕೊಂಡು ನುಗ್ಗುತ್ತಾರೆ. ಈ ಗೋಡೆಯ ಮೇಲಿಂದ ನೋಡಲು ಆರಡಿ ಮೂರು ಇಂಚಿನವನಿಗೂ ಆಗುವುದಿಲ್ಲ, ಆರಡಿ ಐದು ಇಂಚಿನವನಿಗೂ ಕಷ್ಟವೇ. ತೇರಿನ ದಿನ ಜನಜಂಗುಳಿಯ ಹಿಂದೆ ನಿಂತವರಿಗೆ ಇದು ಗೊತ್ತು. ತುದಿಗಾಲಲ್ಲಿ ನಿಂತು ನಿಂತು ಮೀನಖಂಡ ನೋಯುತ್ತದೆ ಅಷ್ಟೇ. ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದರೆ ಎರಡು ಭುಜಗಳ ಸಂದಿಯಲ್ಲಿ ದೇವರು ಕಾಣಿಸುತ್ತಾನೆ.

ಕ್ವಾರ್ಟರ್‌ಬ್ಯಾಕ್ ಮಾಡುವುದೂ ಅದನ್ನೇ. ಸಂದಿ ಹುಡುಕುತ್ತಾನೆ. ಚೆಂಡು ಹೋಗುವುದು ಹೆಚ್ಚಾಗಿ ತಲೆಗಳ ನಡುವೆ. ಲೀಗಿನ ದೊಡ್ಡ ಎಸೆತಗಾರರಲ್ಲಿ ಒಬ್ಬನಾಗಿದ್ದ ಡ್ರೂ ಬ್ರೀಸ್ ಸುಮಾರು ಆರಡಿ ಆಳು. 2001ರ ಡ್ರಾಫ್ಟಿನಲ್ಲಿ 31 ಹೆಸರು ಕೂಗಿ ಆದ ಮೇಲೆ ಅವನ ಸರದಿ ಬಂತು. ಅವನ ಕಾಲುಗಳನ್ನು ನೋಡಬೇಕಿತ್ತು. ಒಂದು ಕಡೆ ನಿಂತದ್ದೇ ಇಲ್ಲ. ಸಣ್ಣ ಸಣ್ಣ ಹೆಜ್ಜೆ, ಎಡಕ್ಕೆ ಒಂದಿಷ್ಟು, ಮುಂದಕ್ಕೆ ಒಂದಿಷ್ಟು. ಎಸೆಯುವಾಗ ಕೈ ಕಿವಿಯ ಮೇಲಿಂದ ಎತ್ತರಕ್ಕೆ ಬರುತ್ತಿತ್ತು. ಅವನಿಗಿಂತ ಮೂರು ಇಂಚು ಉದ್ದ ಇದ್ದು ಕೈಯನ್ನು ಸೊಂಟದ ಕಡೆಗೆ ಇಳಿಸಿ ಎಸೆಯುವವನ ಚೆಂಡು ಅದಕ್ಕಿಂತ ಕೆಳಗಿನಿಂದಲೇ ಹೊರಡುತ್ತದೆ. ಹೀಗಿರುವಾಗ ನೆತ್ತಿ ಅಳೆದು ಏನು ಲಾಭ?

ಬಲವೂ ಎತ್ತರದಿಂದ ಬರುವುದಿಲ್ಲ. ಹೊಲ ಕಾಯುವಾಗ ಕವಣೆ ಬೀಸಿದವರನ್ನು ಕೇಳಿ. ಮೊದಲು ಪಾದ ಊರಬೇಕು, ಆಮೇಲೆ ಸೊಂಟ ತಿರುಗಬೇಕು, ಅದರ ಹಿಂದೆ ಭುಜ, ಮೊಣಕೈ, ಕೊನೆಗೆ ಬೆರಳು. ಈ ಸರಪಳಿಯಲ್ಲಿ ಒಂದು ಕೊಂಡಿ ಅವಸರ ಮಾಡಿದರೂ ಚೆಂಡು ತಿರುಗದೆ ತೊನೆಯುತ್ತದೆ. ಇನ್ನು ಹೊತ್ತು ನೋಡಿ ಎಸೆಯುವುದಂತೂ ಹೆಜ್ಜೆಯ ಲೆಕ್ಕವೇ. ಮೂರು ಹೆಜ್ಜೆ ಹಿಂದಿಟ್ಟರೆ ಹತ್ತಿರದ ಪಾಸ್, ಐದಿಟ್ಟರೆ ದೂರದ್ದು. ಕುಳ್ಳ ಬಂದು ಮೂರು ಹೆಜ್ಜೆ ಕೇಳಿದಾಗ ಹಗುರವಾಗಿ ತಗೊಂಡ ಬಲಿ ಚಕ್ರವರ್ತಿ ಎಲ್ಲಿಗೆ ಹೋದ ಅಂತ, ಆಟಗಾರರನ್ನು ಅಳೆದು ತೂಗುವ ಈ ಸ್ಕೌಟ್‌ಗಳಿಗೆ ಯಾರೂ ಹೇಳಿಲ್ಲ.

2012ರ ಡ್ರಾಫ್ಟಿನಲ್ಲಿ ಅದೇ ಆಯಿತು. ಡೆನ್ವರ್ ತಂಡ 57ನೆಯವನಾಗಿ ಬ್ರಾಕ್ ಆಸ್ವೈಲರ್‌ನನ್ನು ಆರಿಸಿತು. ಆರಡಿ ಏಳು ಇಂಚು ಹತ್ತಿರ, ಅಟ್ಟದ ಮೇಲಿನ ಪಾತ್ರೆ ಏಣಿ ಇಲ್ಲದೆ ತೆಗೆಯಬಲ್ಲವನು. 75ನೆಯವನಾಗಿ ಸಿಯಾಟಲ್‌ಗೆ ಸಿಕ್ಕಿದ್ದು ರಸೆಲ್ ವಿಲ್ಸನ್. ಐದಡಿ ಹನ್ನೊಂದು ಇಂಚು ಅಂತ ಹೇಳಿಕೊಂಡರೂ ಟೇಪಿನಲ್ಲಿ ಐದಡಿ ಹತ್ತೂವರೆ ಚಿಲ್ಲರೆ. 2014ರ ಫೆಬ್ರವರಿಯಲ್ಲಿ ಸೂಪರ್ ಬೌಲ್ ಫೈನಲ್. ಸಿಯಾಟಲ್ 43, ಡೆನ್ವರ್ 8. ಎಸೆದವನು ಕುಳ್ಳ, ಬೆಂಚಿನಲ್ಲಿದ್ದವನು ಉದ್ದನೆಯವನು.

ಇಷ್ಟಾದ ಮೇಲೂ 2016ರಲ್ಲಿ ಹ್ಯೂಸ್ಟನ್ ತಂಡ ಆಸ್ವೈಲರ್‌ಗೆ ನಾಲ್ಕು ವರ್ಷಕ್ಕೆ 7.2 ಕೋಟಿ ಡಾಲರ್ ಒಪ್ಪಂದ ಕೊಟ್ಟಿತು. ಒಂದೇ ಸೀಸನ್. ಮರುವರ್ಷ ಕ್ಲೀವ್‌ಲ್ಯಾಂಡ್‌ಗೆ ದಾಟಿಸುವಾಗ ಜೊತೆಗೆ ಡ್ರಾಫ್ಟಿನ ಎರಡನೇ ಸುತ್ತಿನಲ್ಲಿ ಒಬ್ಬನನ್ನು ಆರಿಸುವ ತಮ್ಮ ಸರದಿಯನ್ನೂ ಕೊಟ್ಟರು. ಎತ್ತು ಹೊಡ್ಕೊಂಡು ಹೋಗಿ ಸ್ವಾಮಿ, ಹುಲ್ಲಿನ ಬಣವೆಯೂ ನಿಮಗೇ ಅಂದ ಹಾಗೆ. ಅವರು ಬಣವೆ ಇಟ್ಟುಕೊಂಡು, ಸೀಸನ್ ಶುರುವಾಗುವ ಮೊದಲೇ ಎತ್ತಿನ ಹಗ್ಗ ಬಿಚ್ಚಿದರು.

ಆದರೆ ಆಗ ಯಾರೂ, ನೋಡಿ, ಉದ್ದ ಜಾಸ್ತಿ ಆಯ್ತು, ಅದಕ್ಕೇ ಸೋತ ಅನ್ನಲಿಲ್ಲ. ಉದ್ದನೆಯವನು ಸೋತರೆ ಕೋಚ್ ಸರಿ ಇಲ್ಲ, ಒತ್ತಡ, ಗ್ರಹಚಾರ. ಕುಳ್ಳ ಎಡವಿದರೆ ಮಾತ್ರ ಟೇಪು ಹೊರಗೆ ಬರುತ್ತದೆ. 2023ರಲ್ಲಿ ಮೊದಲನೆಯವನಾಗಿ ಆಯ್ಕೆಯಾದ ಬ್ರೈಸ್ ಯಂಗ್ ಮರ್ರೆಯಷ್ಟೇ ಎತ್ತರ. ಮರುವರ್ಷ ಎರಡೇ ಪಂದ್ಯಕ್ಕೆ ಅವನನ್ನು ಬೆಂಚಿನಲ್ಲಿ ಕೂರಿಸಿದಾಗ, ನಾವು ಆಗಲೇ ಹೇಳಿರಲಿಲ್ವಾ ಅನ್ನುವವರಿಗೆ ಬರವಿರಲಿಲ್ಲ.

ಟೇಪಿನ ಭಯ ಎಷ್ಟಿದೆ ಅಂದರೆ, 2016ರಲ್ಲಿ ಬ್ರ್ಯಾಂಡನ್ ಆಲನ್ ಅನ್ನುವವನ ಗೇಣು ಎಂಟೂವರೆ ಇಂಚು ಬಂದಿತ್ತು. ಕಂಬೈನ್‌ಗೆ ಮುಂಚೆ ಅವನು ಅಂಗೈಗೆ ಮಸಾಜ್ ಮಾಡಿಸಿಕೊಂಡ. ಬೆರಳು ಎಳೆಸಿಕೊಂಡ, ತಿಕ್ಕಿಸಿಕೊಂಡ. ಇಂಡಿಯಾನಾಪೊಲಿಸ್‌ನಲ್ಲಿ ಮತ್ತೆ ಅಳೆದರೆ ಒಂಬತ್ತಕ್ಕೆ ಎಂಟನೇ ಒಂದು ಭಾಗವಷ್ಟೇ ಕಡಿಮೆ. ಗೇಣು ಬೆಳೆದಿತ್ತು. ಡ್ರಾಫ್ಟಿನಲ್ಲಿ ಅವನ ಹೆಸರು ಬಂದದ್ದು 201ನೆಯದಾಗಿ.