ಹತ್ತು ಪರ್ಸೆಂಟ್ ಬೂದಿ

ಯಾವುದಾದರೂ ಎಂಜಿನಿಯರಿಂಗ್ ಕಾಲೇಜಿನ ಸಿವಿಲ್ ಲ್ಯಾಬಿನ ಹಿತ್ತಲಿಗೆ ಹೋಗಿ ನೋಡಿ. ಬಲ ಪರೀಕ್ಷೆಗೆಂದು ಒಡೆದ ಕಾಂಕ್ರೀಟ್ ಕ್ಯೂಬುಗಳ ಗುಡ್ಡೆ ಬಿದ್ದಿರುತ್ತದೆ, ಅವುಗಳ ಮೈಮೇಲೆ 0, 5, 10, 15, 20 ಎಂದು ಪೇಂಟಿನಲ್ಲಿ ಬರೆದಿರುತ್ತದೆ. ಸಿಮೆಂಟಿನ ಬದಲು ಭತ್ತದ ಹೊಟ್ಟಿನ ಬೂದಿಯನ್ನು ಎಷ್ಟು ಹಾಕಬಹುದು ಎಂಬ ಸಂಶೋಧನೆಯ ಅಸ್ಥಿ ಅದು. ಉತ್ತರ ಹತ್ತು ಪರ್ಸೆಂಟ್. ಹೋದ ವರ್ಷದ ಬ್ಯಾಚಿಗೂ ಹತ್ತೇ ಬಂದಿತ್ತು, ಬರುವ ವರ್ಷಕ್ಕೂ ಹತ್ತೇ. ಕ್ಯೂಬ್ ಒಡೆಯುವ ಮೊದಲೇ ಇದು ರಿಪೋರ್ಟ್ ಬೈಂಡ್ ಮಾಡುವವನಿಗೆ ಗೊತ್ತಿರುತ್ತದೆ.

ಲ್ಯಾಬಿನ ಬೂದಿಯ ಕುಲವೇ ಬೇರೆ. ಕುಲುಮೆಯಲ್ಲಿ 600 ಡಿಗ್ರಿ ಆಸುಪಾಸಿನಲ್ಲಿ ಹದವಾಗಿ ಸುಟ್ಟು, ಬಾಲ್ ಮಿಲ್ಲಿನಲ್ಲಿ, ಅಂದರೆ ಗುಂಡುಗಳು ಉರುಳುವ ಗಿರಣಿಯಲ್ಲಿ, ಅರೆದು, 45 ಮೈಕ್ರಾನ್ ಜರಡಿ ಹಿಡಿದದ್ದು. ಹಾಗೆ ಸುಟ್ಟರೆ ಹೊಟ್ಟಿನಲ್ಲಿರುವ ಸಿಲಿಕಾ, ಅಂದರೆ ಮರಳಿನ ಮೂಲವಸ್ತು, ಹರಳುಗಟ್ಟುವುದಿಲ್ಲ. ಸಿಮೆಂಟಿನಿಂದ ಹೊರಬರುವ ಸುಣ್ಣದ ಜೊತೆ ಸೇರಿ ಬಂಧ ಕಟ್ಟುತ್ತದೆ. ಗಂಗಾವತಿ, ಕಾರಟಗಿ, ಸಿಂಧನೂರಿನ ರೈಸ್ ಮಿಲ್ಲುಗಳ ಬಾಯ್ಲರ್ ಈ ಸಿಲಬಸ್ ಓದಿಲ್ಲ. ಅದಕ್ಕೆ ಬೇಕಾದದ್ದು ಹಬೆ. ಬೆಂಕಿ 800 ಡಿಗ್ರಿ ದಾಟಿದ ಕಡೆ ಸಿಲಿಕಾ ಹರಳುಗಟ್ಟಿ ಕೆಲಸಕ್ಕೆ ಬಾರದಂತಾಗುತ್ತದೆ. ಗಾಳಿ ಸಾಲದ ಕಡೆ ಇದ್ದಿಲು ಉಳಿದು ಬೂದಿ ಕಪ್ಪಗಿರುತ್ತದೆ. ಸಾವಿರ ಕಿಲೋ ಭತ್ತಕ್ಕೆ ಸುಮಾರು 200 ಕಿಲೋ ಹೊಟ್ಟು, ಅದಕ್ಕೆ ಸುಮಾರು 40 ಕಿಲೋ ಬೂದಿ. ಅದರ ಸದ್ಯದ ಬಳಕೆ, ರಸ್ತೆ ಬದಿ ಸುರಿದು ಬೈಕಿನವರ ಕಣ್ಣಿಗೆ ಹಾರಿಸುವುದು.

ಇಲಾಖೆಗಳಿಗೆ ಇದು ಗೊತ್ತಿಲ್ಲ ಎನ್ನಬೇಡಿ. ಕಾಂಕ್ರೀಟ್ ಕೆಲಸದ ಭಾರತೀಯ ಮಾನಕವಾದ ಐಎಸ್ 456 ಸಂಹಿತೆ 2000ದಲ್ಲೇ ಈ ಬೂದಿಗೆ ಬಾಗಿಲು ತೆರೆದಿದೆ, ನಿರ್ಧರಿಸುವ ಅಧಿಕಾರಿಯ ಒಪ್ಪಿಗೆ ಇದ್ದರೆ. ಕೆಳಗಿನ ಟಿಪ್ಪಣಿಯಲ್ಲಿ, ಬೂದಿ ಎಲ್ಲಿಂದ ಬಂತೆಂದು ನೋಡದೆ ಹಾಕಿದರೆ ಹೂಳಿನಷ್ಟೇ ಕೇಡು ಮಾಡೀತು ಎಂಬ ಎಚ್ಚರಿಕೆಯೂ ಇದೆ. ಟಿಪ್ಪಣಿ ಓದಿದ ಅಧಿಕಾರಿ ಸಹಿ ಹಾಕುವುದಿಲ್ಲ, ಓದದವರಿಗೆ ಸಹಿ ಹಾಕುವ ಧೈರ್ಯವಿಲ್ಲ. ಜೆಇ (ಕಿರಿಯ ಎಂಜಿನಿಯರ್), ಅವರ ಮೇಲಿನ ಎಇಇ, ಇಇ ಮೇಜುಗಳನ್ನು ದಾಟಿದ ಫೈಲು ‘ಪರಿಶೀಲಿಸಿ ಮಂಡಿಸಿ’ ಎಂಬ ಷರಾ ಹೊತ್ತು ಮತ್ತೆ ಜೆಇ ಮೇಜಿಗೇ ಬರುತ್ತದೆ.

ಸಹಿಗೆ ಕಾಯದವನು ಗುತ್ತಿಗೆದಾರ. ಪರ್ಸೆಂಟಿನ ಲೆಕ್ಕದಲ್ಲಿ ನಮ್ಮ ಕಾಮಗಾರಿಗಳು ಎಂದೂ ಹಿಂದೆ ಬಿದ್ದಿಲ್ಲವಲ್ಲ! ಘನ ಮೀಟರಿಗೆ 320 ಕಿಲೋ ಸಿಮೆಂಟ್ ಇದ್ದರೆ 288 ಸಿಮೆಂಟು, 32 ಬೂದಿ ಎಂಬುದು ತೂಕದ ಲೆಕ್ಕ. ಸೈಟಿನಲ್ಲಿ ತಕ್ಕಡಿ ಇರುವುದಿಲ್ಲ, ಬಾಂಡ್ಲಿ ಇರುತ್ತದೆ. ಅರೆಯದ ಬೂದಿಯ ಕಣದ ತುಂಬ ತೂತು. ನೀರನ್ನೆಲ್ಲ ಅದೇ ಕುಡಿಯುತ್ತದೆ, ಸ್ಲಂಪ್, ಅಂದರೆ ಕಾಂಕ್ರೀಟ್ ಹರಿಯುವ ಹದ, ಸಿಗುವುದಿಲ್ಲ. ನೀರು ಹೆಚ್ಚಿಸದೆ ಹದ ತರುವ ಸೂಪರ್ ಪ್ಲಾಸ್ಟಿಸೈಸರ್ ಹಾಕಬೇಕಾದ ಹೊತ್ತಿಗೆ ಮೇಸ್ತ್ರಿ ಕೂಗುತ್ತಾನೆ: “ಮಾಲು ಬಾಳ ಗಟ್ಟಿ ಐತಿ, ಇನ್ನೆರಡು ಕೊಡ ನೀರು ಹಾಕ್ರಲೇ.” 160 ಲೀಟರ್ ಇರಬೇಕಾದ ನೀರು 190 ಆದರೆ (ಬೂದಿಯನ್ನೂ ಸಿಮೆಂಟಿನ ಲೆಕ್ಕಕ್ಕೇ ಸೇರಿಸಿದ) ನೀರು-ಸಿಮೆಂಟ್ ಅನುಪಾತ 0.50ರಿಂದ 0.59ಕ್ಕೆ ಏರಿತು, ಬಲ ಇಳಿಯಿತು. ಬೈಗುಳ ಮಾತ್ರ ಬೂದಿಗೆ.

ಇನ್ನೂ ಒಂದು ತಮಾಷೆ ಇದೆ. ಲ್ಯಾಬಿನಲ್ಲಿ ಬಳಸಿದ್ದು ಓಪಿಸಿ, ಬೂದಿ ಬೆರೆಸದ ಸಾಮಾನ್ಯ ಸಿಮೆಂಟು. ಸೈಟಿಗೆ ಬಂದ ಮೂಟೆಯ ಮೇಲೆ ಪಿಪಿಸಿ ಎಂದಿದೆ. ಅದರಲ್ಲಿ ಕಾರ್ಖಾನೆಯವರೇ ಶೇ. 15ರಿಂದ 35ರಷ್ಟು ಕಲ್ಲಿದ್ದಲಿನ ಹಾರುಬೂದಿ ಬೆರೆಸಿರುತ್ತಾರೆ. ಅದರ ಮೇಲೆ ಇನ್ನೊಂದು ಬೂದಿ ಸುರಿದರೆ, ಇಬ್ಬರಿಗೂ ಹಂಚುವಷ್ಟು ಸುಣ್ಣ ಎಲ್ಲಿಂದ ಬರಬೇಕು? ಬೂದಿ ಬೆರೆತ ಕಾಂಕ್ರೀಟಿಗೆ ಕನಿಷ್ಠ 10 ದಿನ ಕ್ಯೂರಿಂಗ್, ಅಂದರೆ ನೀರುಣಿಸಿ ಒದ್ದೆಯಾಗಿಡುವುದು, ಬೇಕು, ಬಿಸಿಲ ಸೀಮೆಯಲ್ಲಿ 14. ಮೂರನೇ ದಿನಕ್ಕೇ ಗೋಣಿಚೀಲ ಗರಿಗರಿ, ಟ್ಯಾಂಕರ್ ಇನ್ನೊಂದು ಸೈಟಿನಲ್ಲಿ.

ಮಿಲ್ಲುಗಳ ನಡುವೆ ಒಂದು ಬಾಲ್ ಮಿಲ್, ಲೋಡಿಗೊಂದು ಇದ್ದಿಲಿನ ಪರೀಕ್ಷೆ, ಒಂದು ತಕ್ಕಡಿ: ಇಷ್ಟಾದರೆ ಅರ್ಧ ಕೆಲಸ ಆದಂತೆ. ಅದಕ್ಕೆ ‘ಅನುದಾನ ಲಭ್ಯವಿಲ್ಲ’. ಬೂದಿಯ ಬಗ್ಗೆ ಎರಡು ದಿನದ ಕಾರ್ಯಾಗಾರಕ್ಕೆ, ಶಾಲು, ಹಾರ, ಫ್ಲೆಕ್ಸಿಗೆ ಲಭ್ಯವಿದೆ. ಸಮಾರೋಪದಲ್ಲಿ ನಿರ್ಣಯವೂ ಆಗುತ್ತದೆ: ಈ ದಿಸೆಯಲ್ಲಿ ಇನ್ನೂ ಹೆಚ್ಚಿನ ಸಂಶೋಧನೆ ನಡೆಯಬೇಕು. ಊಟದ ಕೂಪನ್ ಹಿಡಿದು ನಿಂತ ಸಭೆಯಲ್ಲಿ ವಿರೋಧಿಸುವವರು ಯಾರೂ ಇರುವುದಿಲ್ಲ.