ಮಾವನ ಕಿವಿ ಮಿಷನ್ನೂ ಅತ್ತೆಯ ಸಂಕಷ್ಟಿಯೂ

ನಮ್ಮ ಮನೆಯಲ್ಲಿ ಬೆಳಗ್ಗೆ ಆರೂವರೆಗೆ ಕೂಗುವುದು ಕೋಳಿಯಲ್ಲ, ಮಾವನ ಕಿವಿ. ಎದ್ದು ಮುಖ ತೊಳೆದು, ಕಿವಿಗೆ ಮಿಷನ್ ಸಿಕ್ಕಿಸಿ, ಅದರ ಮೇಲೆ ಮಂಕಿ ಟೋಪಿ ಎಳೆದುಕೊಂಡರೆ ಸಾಕು, ಕುಂಯ್ಯ್ ಅಂತ ಶುರು. ಸಣ್ಣಗೆ, ಉದ್ದಕ್ಕೆ, ತಲೆಯೊಳಗೇ ಹೊಕ್ಕು ಕೂತುಬಿಡುವಂಥ ಸದ್ದು. ಇವತ್ತು ಬೆಳಗ್ಗೆಯೂ ಅದೇ ಆಯಿತು. ಅತ್ತೆ ಅದನ್ನು ಕುಕ್ಕರ್ ಲೆಕ್ಕಕ್ಕೆ ಸೇರಿಸಿ, ಮೂರು ಕೂಗಾಯಿತು ಅಂತ ಒಲೆ ಆರಿಸಿಬಿಟ್ಟರು. ಮಧ್ಯಾಹ್ನದ ಸಾರಿನಲ್ಲಿ ಬೇಳೆಯನ್ನು ಅಗಿದು ತಿಂದೆವು.

ಇದರಲ್ಲಿ ಸಿಟ್ಟು ಬರೋ ವಿಷಯ ಏನೆಂದರೆ, ಆ ಕೂಗು ಮಾವನೊಬ್ಬರನ್ನು ಬಿಟ್ಟು ಎಲ್ಲರಿಗೂ ಕೇಳಿಸುತ್ತದೆ. ವಯಸ್ಸಾದ ಹಾಗೆ ಕಿವಿ ಮೊದಲು ಕೈಬಿಡುವುದು ಕೀಚಲು ಸದ್ದುಗಳನ್ನೇ. ಹಕ್ಕಿ ಹೋಗುತ್ತದೆ, ಮಾತಿನಲ್ಲಿ ಸ, ಶ ಹೋಗುತ್ತವೆ. ಈ ಕೂಗೂ ಅದೇ ಜಾತಿಯದು. ಹಾಗಾಗಿ ನಾವೆಲ್ಲ ಕಿವಿ ಮುಚ್ಚಿಕೊಂಡು ನಿಂತಿದ್ದರೆ ಮಾವ ಪೇಪರಿನಿಂದ ತಲೆ ಎತ್ತಿ, "ಎಲ್ಲಿ ಕೂಗ್ತಿದೆ? ನನಗೇನೂ ಕೇಳಿಸ್ತಿಲ್ವಲ್ಲ. ನೀವೆಲ್ಲ ಒಂದ್ಸಲ ಹೋಗಿ ಕಿವಿ ತೋರಿಸ್ಕೊಳ್ಳಿ" ಅನ್ನುತ್ತಾರೆ.

ಹಾಗಂತ ತೋರಿಸಿಕೊಳ್ಳಲು ಮೈಸೂರಿನಲ್ಲಿ ಜಾಗಕ್ಕೇನೂ ಕೊರತೆಯಿಲ್ಲ. ಮಾನಸಗಂಗೋತ್ರಿಯಲ್ಲಿ 1965ರಿಂದ ವಾಕ್ ಶ್ರವಣ ಸಂಸ್ಥೆಯೇ ಇದೆ. ಆದರೆ ಮಿಷನ್ ಮನೆಗೆ ಬಂದ ಮೇಲೆ ದಿನಾ ಅದರ ಜೊತೆ ಏಗಬೇಕಾದವರು ಮನೆಯವರು, ಅಲ್ವಾ? ಒಂದು ಸಲ ಪೂರ್ತಿ ಸದ್ದು ನಿಂತುಹೋಯಿತು ಅಂತ ಹತ್ತಿರದ ಅಂಗಡಿಗೆ ತಗೊಂಡು ಹೋದರೆ, ಅಲ್ಲಿದ್ದ ಹುಡುಗ ಬಿಚ್ಚಿ ಕೂಡ ನೋಡದೆ, "ಸರ್ವೀಸಿಗೆ ಕಳಿಸ್ಬೇಕು ಮೇಡಂ, ಎರಡು ವಾರ ಆಗುತ್ತೆ" ಅಂದ. ಮನೆಗೆ ವಾಪಸ್ ತಂದು ಬೆಳಕಿಗೆ ಹಿಡಿದು ನೋಡಿದರೆ ಮೋಲ್ಡಿನ, ಅಂದರೆ ಕಿವಿಯೊಳಗೆ ಕೂರೋ ಅಚ್ಚಿನ, ತೂತಿನಲ್ಲಿ ಗುಗ್ಗೆ. ಬರೀ ಗುಗ್ಗೆ! ಅವತ್ತೇ ನಮ್ಮವರು, "ನಿನ್ನ ಬೆರಳು ಸಣ್ಣ ಇದೆ, ಇನ್ಮೇಲೆ ನೀನೇ ನೋಡ್ಕೋ" ಅಂತ ಹೇಳಿ ಟಿವಿ ಮುಂದೆ ಹೋಗಿ ಕೂತರು. ಸಂಬಳವಿಲ್ಲದ ಒಂದು ಕೆಲಸ ಹಾಗೆ ನನ್ನ ಪಾಲಿಗೆ ಬಂತು.

ಕೆಲಸವೇನೂ ಬ್ರಹ್ಮವಿದ್ಯೆಯಲ್ಲ. ಮಿಷನ್ ದೊಡ್ಡದು ಮಾಡಿ ಕಿವಿಯೊಳಗೆ ಬಿಟ್ಟ ಸದ್ದು ಸಂದಿಯಿಂದ ಹೊರಗೆ ಸೋರಿ, ತಿರುಗಿ ಅದರದೇ ಮೈಕಿಗೆ ಹೋಗಿ, ಇನ್ನಷ್ಟು ದೊಡ್ಡದಾಗಿ ಸುತ್ತು ಹೊಡೆಯುತ್ತದೆ. ಅದೇ ಆ ಕೂಗು. ಮೋಲ್ಡ್ ಸರಿಯಾಗಿ ಕೂತಿಲ್ಲದಿದ್ದರೆ ಕೂಗುತ್ತದೆ. ಕಿವಿಯಲ್ಲಿ ಗುಗ್ಗೆ ತುಂಬಿದ್ದರೆ ಕೂಗುತ್ತದೆ. ಪ್ಲಾಸ್ಟಿಕ್ ಟ್ಯೂಬು ಹಳದಿಯಾಗಿ ಗಡುಸಾಗಿದ್ದರೂ ಕೂಗುತ್ತದೆ. ಮೇಲೆ ಟೋಪಿಯೋ ಮಫ್ಲರೋ ಮುಚ್ಚಿದರಂತೂ ಕೂಗಲೇಬೇಕು. ಮೋಲ್ಡನ್ನು ಮಿಷನ್ನಿನಿಂದ ಬಿಚ್ಚಿ, ಮೋಲ್ಡನ್ನು ಮಾತ್ರ ಉಗುರುಬೆಚ್ಚಗಿನ ಸೋಪು ನೀರಲ್ಲಿ ತೊಳೆದು, ಟ್ಯೂಬಿನೊಳಗೆ ನಿಂತ ನೀರಿನ ಹನಿಯನ್ನು ರಬ್ಬರ್ ಬುರುಡೆಯಿಂದ ಪುಸ್ ಅಂತ ಊದಿ, ಪೂರ್ತಿ ಒಣಗಿಸಿ ಸಿಕ್ಕಿಸಿದರೆ ಅರ್ಧ ರೋಗ ವಾಸಿ. ಮಿಷನ್ನಿಗೆ ಮಾತ್ರ ನೀರು ಸೋಕಿಸಬಾರದು. ಹೇರ್ ಡ್ರೈಯರ್ ಹಿಡಿಯಬಾರದು. ಇದನ್ನೆಲ್ಲ ನಾನು ಕಲಿತೆ. ಮಂಕಿ ಟೋಪಿ ತೆಗೆಸುವುದನ್ನು ಮಾತ್ರ ಯಾರೂ ಕಲಿಸಲಿಲ್ಲ. "ಚಳಿ ಕಣಮ್ಮಾ" ಅಂದುಬಿಟ್ಟರೆ ಸೊಸೆಯಾದವಳು ಏನು ಹೇಳುವುದು?

ಮಳೆಗಾಲದಲ್ಲಿ ಮಿಷನ್ನಿಗೆ ಶೀತ ಆಗುತ್ತದೆ, ಗೊರಗೊರ ಅನ್ನುತ್ತದೆ. ರಾತ್ರಿ ಸೆಲ್ ತೆಗೆದು, ಸಿಲಿಕಾ ಹರಳಿರೋ ಡಬ್ಬಿಯಲ್ಲಿ ಮುಚ್ಚಿಟ್ಟರೆ ಬೆಳಗ್ಗೆಗೆ ಸರಿಹೋಗುತ್ತದೆ. ನೀಲಿ ಹರಳು ಗುಲಾಬಿಗೆ ತಿರುಗಿದರೆ ಅದರ ಹೊಟ್ಟೆ ತುಂಬಿತು ಅಂತ ಅರ್ಥ. ಇಷ್ಟು ಸುಲಭ. ಆದರೆ ಪಕ್ಕದ ಮನೆಯವರು ಫೋನ್ ನೀರಿಗೆ ಬಿದ್ದಾಗ ಅಕ್ಕಿಯಲ್ಲಿ ಹೂತಿಟ್ಟಿದ್ದರಂತೆ, ಅದನ್ನು ಅತ್ತೆಗೆ ಹೇಳಿದರು. ಅತ್ತೆ ಸುಮ್ನೆ ಇರುತ್ತಾರಾ? ಯಾರಿಗೂ ಹೇಳದೆ ಮಿಷನ್ನನ್ನು ಸೋನಾಮಸೂರಿ ಡಬ್ಬದೊಳಗೆ ಇಳಿಬಿಟ್ಟರು. ಮಾರನೇ ದಿನ ಪಾವಿನಲ್ಲಿ ಅಕ್ಕಿ ಅಳೆಯುವಾಗ ಮಾವನ ಕಿವಿಯೂ ಅಳತೆಗೆ ಬಂತು. ತೊಳೆಯುವ ಮೊದಲು ಕಣ್ಣಿಗೆ ಬಿತ್ತು, ಪುಣ್ಯ. ಮೈಕಿನ ಸಣ್ಣ ತೂತುಗಳಲ್ಲಿ ಕೂತಿದ್ದ ಅಕ್ಕಿ ಧೂಳನ್ನು ಬ್ರಷ್ಷಿನಿಂದ ಉದುರಿಸುತ್ತಾ ಕೂತಿದ್ದು ನಾನು.

ಇನ್ನು ಫೋನು. ಕಿವಿ ಹಿಂದೆ ಕೂರುವ ಮಿಷನ್ನಿಗೆ ಮೈಕ್ ಇರುವುದು ಕಿವಿಯ ಮೇಲುಗಡೆ. ಹಾಗಾಗಿ ಫೋನನ್ನು ಎಲ್ಲರಂತೆ ಕಿವಿ ತೂತಿಗೆ ಒತ್ತಿದರೆ ಏನೂ ಕೇಳಿಸದು, ಸ್ವಲ್ಪ ಮೇಲೆ, ಹಿಂದಕ್ಕೆ ಹಿಡಿಯಬೇಕು. ನೋಡಿದವರಿಗೆ ಫೋನಿನಿಂದ ತಲೆ ಕೆರೆದುಕೊಂಡ ಹಾಗೆ ಕಾಣುತ್ತದೆ. ಮಾವ ಅದಕ್ಕೆ ಒಪ್ಪಲು ಬಹಳ ಕಾಲ ಹಿಡಿಯಿತು. ಒಪ್ಪಿದ ಮೇಲೆ ಒಂದು ಸಂಜೆ ಹಳೇ ಸಹೋದ್ಯೋಗಿಗೆ ನಾನೇ ಫೋನ್ ಹಚ್ಚಿಕೊಟ್ಟೆ. ಆ ಕಡೆಯವರ ದನಿ ನನಗೂ ಕೇಳುತ್ತಿತ್ತು. "ಏನಯ್ಯಾ, ಕೋಪ ಇಳೀತಾ?" ಅಂದರು. ಮಿಷನ್ ಇಲ್ಲದ ಕಾಲದಲ್ಲಿ ಯಾರು ಫೋನ್ ಮಾಡಿದರೂ ಮಾವ "ಹಾ, ಆಯ್ತು, ಆಯ್ತು, ಇಡ್ಲಾ?" ಅಂತ ಇಟ್ಟುಬಿಡುತ್ತಿದ್ದರು. ಅವರು ಅದನ್ನು ಸಿಟ್ಟು ಅಂದುಕೊಂಡಿದ್ದರು. ಇಬ್ಬರೂ ಜೋರಾಗಿ ನಕ್ಕರು. ಆಮೇಲೆ ಮಾವ ಮತ್ತೊಬ್ಬ ಗೆಳೆಯರ ಹೆಸರು ಹೇಳಿ, ಹೇಗಿದ್ದಾನೆ ಅಂತ ಕೇಳಿದರು. "ಅವನು ಹೋಗಿ ಕಾಲ ಆಯ್ತಲ್ಲೋ. ಅವತ್ತೇ ಫೋನ್ ಮಾಡಿ ಹೇಳಿದ್ನಲ್ಲ ನಿನಗೆ. ಆಯ್ತು ಅಂದೆ." ಮಾವ ಆಮೇಲೆ ಏನೂ ಕೇಳಲಿಲ್ಲ. ರಾತ್ರಿ ಊಟಕ್ಕೂ ಮಿಷನ್ ತೆಗೆಯದೆ ಕೂತಿದ್ದರು.

ಇಂಥವರ ಮೇಲೆ ಕೋಪ ಮಾಡಿಕೊಳ್ಳಬಾರದು ಅನ್ನಿಸುತ್ತದೆ. ಮಾರನೇ ದಿನ ಸೆಲ್ ವಿಷಯ ಬಂದಾಗ ಮತ್ತೆ ಬರುತ್ತದೆ.

ಮಾವ ಕೆಇಬಿಯಲ್ಲಿದ್ದವರು. 1999ರಲ್ಲೇ ಅದು ಕೆಪಿಟಿಸಿಎಲ್ ಆದರೂ ಅವರ ಬಾಯಲ್ಲಿ ಇವತ್ತಿಗೂ ಕೆಇಬಿಯೇ. ಕರೆಂಟಿನ ಮಾತು ಬಂದರೆ ಮನೆಯಲ್ಲಿ ಬೇರೆಯವರು ಬಾಯಿ ತೆರೆಯುವ ಹಾಗಿಲ್ಲ. ಅವರ ಮಿಷನ್ನಿಗೆ ಹಾಕುವುದು 13ನೇ ನಂಬರಿನ ಸೆಲ್, ಅದಕ್ಕೆ ಕಿತ್ತಳೆ ಬಣ್ಣದ ಸ್ಟಿಕ್ಕರ್. ಸ್ಟಿಕ್ಕರ್ ಕಿತ್ತಾಗ ಸಣ್ಣ ತೂತುಗಳಿಂದ ಗಾಳಿ ಒಳಗೆ ಹೋಗಿ, ಸತುವಿನ ಜೊತೆ ಸೇರಿ ಕರೆಂಟ್ ಹುಟ್ಟುತ್ತದೆ. ಕಿತ್ತ ಮೇಲೆ ಒಂದು ನಿಮಿಷ ಹಾಗೇ ಬಿಟ್ಟು ಆಮೇಲೆ ಹಾಕಬೇಕು. ಇದನ್ನು ವಿವರಿಸಿದಾಗ ಮಾವ ನನ್ನನ್ನು ಕನಿಕರದಿಂದ ನೋಡಿದರು. "ಶರಾವತೀಲಿ ನೀರಿಂದ ಬರುತ್ತೆ. ರಾಯಚೂರಲ್ಲಿ ಕಲ್ಲಿದ್ದಲಿಂದ ಬರುತ್ತೆ. ಗಾಳಿಯಿಂದ ಅಂದ್ರೆ ಚಿತ್ರದುರ್ಗದ ಗುಡ್ಡದ ಮೇಲೆ ಫ್ಯಾನ್ ಇದೆ. ಇದರಲ್ಲಿ ಫ್ಯಾನ್ ಎಲ್ಲಿದೆಯಮ್ಮಾ?"

ಆದರೆ ಗಾಳಿ ಹೋದರೆ ಸೆಲ್ ಖರ್ಚಾಗುತ್ತದೆ ಅನ್ನುವುದನ್ನು ಮಾತ್ರ ಗಟ್ಟಿಯಾಗಿ ಹಿಡಿದುಕೊಂಡರು. ಹಾಗಿದ್ದರೆ ರಾತ್ರಿ ಸ್ಟಿಕ್ಕರ್ ವಾಪಸ್ ಅಂಟಿಸಿದರೆ ಉಳಿತಾಯ ತಾನೇ? ಅಲ್ಲ. ಒಂದು ಸಲ ಶುರುವಾದದ್ದು ಸ್ಟಿಕ್ಕರ್ ಅಂಟಿಸಿದರೆ ನಿಲ್ಲುವುದಿಲ್ಲ. ಹೇಳಿದೆ. ಕೇಳಿಸಲಿಲ್ಲ. ಬೇಡದ್ದು ಕೇಳಿಸದೇ ಇರುವುದಕ್ಕೆ ಮಿಷನ್ನಿನಲ್ಲೂ ರಿಪೇರಿ ಇಲ್ಲ.

ಇತ್ತ ನಾನು, ಸೆಲ್ ಎಷ್ಟು ದಿನ ಬಂತು ಅಂತ ಗೊತ್ತಾಗಲಿ ಅಂತ, ಹೊಸ ಸೆಲ್ ಹಾಕಿದ ದಿನ ಅದರ ಸ್ಟಿಕ್ಕರನ್ನು ಅಡುಗೆಮನೆ ಕ್ಯಾಲೆಂಡರಿನ ಆ ತಾರೀಖಿನ ಮೇಲೆ ಅಂಟಿಸುವ ಪದ್ಧತಿ ಇಟ್ಟುಕೊಂಡೆ. ಆ ಕ್ಯಾಲೆಂಡರ್ ಅತ್ತೆಯ ರಾಜ್ಯ. ಹಾಲು ಜಾಸ್ತಿ ತಗೊಂಡ ದಿನ, ಗ್ಯಾಸ್ ಬಂದ ದಿನ, ಕೆಲಸದವಳು ಬಾರದ ದಿನ ಎಲ್ಲ ಅದರಲ್ಲೇ. ರಾತ್ರಿ ಮಾವ ಮೆಲ್ಲಗೆ ಬಂದು ಆ ಸ್ಟಿಕ್ಕರ್ ಕಿತ್ತು ಸೆಲ್ಲಿಗೆ ಅಂಟಿಸುತ್ತಿದ್ದರು. ಬೆಳಗ್ಗೆ ಸೆಲ್ಲಿನಿಂದ ಕಿತ್ತು, ಸೊಸೆಯ ಪದ್ಧತಿ ಕೆಡಬಾರದು ಅಂತ, ಶಿಸ್ತಾಗಿ ಕ್ಯಾಲೆಂಡರಿಗೆ ವಾಪಸ್ ಅಂಟಿಸುತ್ತಿದ್ದರು. ಎಲ್ಲಿಗೆ? ಅವತ್ತಿನ ತಾರೀಖಿಗೆ! ಹಾಗಾಗಿ ನಮ್ಮ ಕ್ಯಾಲೆಂಡರಿನ ಪ್ರಕಾರ ಮಾವನ ಸೆಲ್ ಯಾವಾಗ ನೋಡಿದರೂ ಇವತ್ತೇ ಹಾಕಿದ್ದು. ಸೆಲ್ ಸತ್ತು ಮಾವನಿಗೆ ಏನೂ ಕೇಳದೆ ಕೂತಿದ್ದರೂ, ಬದಲಾಯಿಸೋಣ ಅಂದರೆ ಕ್ಯಾಲೆಂಡರ್ ಕಡೆ ಬೆರಳು ತೋರಿಸಿ, "ಇವತ್ತಿಂದು ನೋಡು" ಅನ್ನುತ್ತಿದ್ದರು. ಸಾಲದು ಅಂತ ಮಲ್ಟಿಮೀಟರ್ ತಂದು ಹಿಡಿಯುತ್ತಿದ್ದರು. ಈ ಸೆಲ್ಲುಗಳ ವೋಲ್ಟೇಜು ಕೊನೆಯವರೆಗೂ ಹೆಚ್ಚುಕಡಿಮೆ ಹಾಗೇ ನಿಂತಿದ್ದು ಆಮೇಲೆ ದಿಢೀರ್ ಬೀಳುವಂಥದ್ದು. ಕೆಲಸ ಮಾಡದೆ ಸುಮ್ಮನೆ ಹಿಡಿದರೆ ಮೀಟರಿನಲ್ಲಿ ಚೆನ್ನಾಗೇ ಕಾಣುತ್ತದೆ. ಕೆಇಬಿ, ಕ್ಯಾಲೆಂಡರ್, ಮೀಟರ್ ಮೂರೂ ಒಂದು ಕಡೆ. ನಾನೊಬ್ಬಳು ಇನ್ನೊಂದು ಕಡೆ.

ಕೊನೆಗೆ ನನ್ನ ಸಹಾಯಕ್ಕೆ ಬಂದವನು ಗಣಪತಿ. ಒಂದು ಬೆಳಗ್ಗೆ ಮಾವ ಅಂಟಿಸಿದ ಸ್ಟಿಕ್ಕರ್ ಸರಿಯಾಗಿ ಸಂಕಷ್ಟಿಯ ಮೇಲೆ ಕೂತಿತು. ಅತ್ತೆ ತಾರೀಖು ನೋಡಿದರು, ಏನೂ ಇಲ್ಲ ಅಂದುಕೊಂಡರು, ಇಡ್ಲಿ ತಿಂದರು, ಮೇಲೆ ಕಾಫಿಯನ್ನೂ ಕುಡಿದರು. ಎದುರುಮನೆಯವರು ಬಂದು ಚಂದ್ರೋದಯ ಎಷ್ಟು ಹೊತ್ತಿಗೆ ಅಂತ ಕೇಳಿದಾಗಲೇ ಗೊತ್ತಾಗಿದ್ದು. "ನಿಮ್ಮ ಕಿವಿಯಿಂದ ನನ್ನ ಉಪವಾಸ ಹೋಯ್ತಲ್ರೀ!" ಅಂತ ಅತ್ತೆ ಹಾಕಿದ ಗದರಿಕೆ ಮಿಷನ್ ಇಲ್ಲದೆಯೇ ಕೇಳಿಸುವಂತಿತ್ತು. ಅವತ್ತಿನಿಂದ ಸ್ಟಿಕ್ಕರಿಗೆ ಕ್ಯಾಲೆಂಡರ್ ಮುಟ್ಟುವ ಹಕ್ಕಿಲ್ಲ. ನಾನು ಈಗ ಸೆಲ್ ಪ್ಯಾಕೆಟ್ಟಿನ ಹಿಂದೆ ಪೆನ್ನಿನಲ್ಲಿ ತಾರೀಖು ಬರೆಯುತ್ತೇನೆ. ಹಳೇ ಸೆಲ್ಲುಗಳನ್ನು ಮಾತ್ರ ಮಗುವಿನ ಕೈಗೆ ಸಿಗದ ಹಾಗೆ ಎತ್ತಿಡಬೇಕು, ನುಂಗಿದರೆ ಪ್ರಾಣಕ್ಕೇ ಅಪಾಯ. ಈ ಒಂದು ವಿಷಯದಲ್ಲಿ ಮನೆಯಲ್ಲಿ ಯಾರೂ ತಮಾಷೆ ಮಾಡುವುದಿಲ್ಲ.

ಸೆಲ್ ಮುಗಿಯುವ ಮುಂಚೆ ಮಿಷನ್ ಬೀಪ್ ಅನ್ನುತ್ತದೆ, ಅದು ಹಾಕಿಕೊಂಡವರಿಗೆ ಮಾತ್ರ ಕೇಳಿಸುತ್ತದೆ. ಹೀಗಾಗಿ ಮಾವನ ಹತ್ತಿರ ಬ್ರಹ್ಮಾಸ್ತ್ರ ಒಂದು ಉಳಿದಿದೆ. ಅತ್ತೆ ಸಕ್ಕರೆ ಕಾಯಿಲೆ ಮಾತು ಎತ್ತಿದ ತಕ್ಷಣ ಮಾವನಿಗೆ ಬೀಪ್ ಕೇಳಿಸುತ್ತದೆ. "ಸೆಲ್ ಹೋಯ್ತು" ಅಂತ ಮಿಷನ್ ಬಿಚ್ಚಿ ನನ್ನ ಕೈಗೆ ಕೊಟ್ಟು, ಕೈ ಹೋಳಿಗೆ ತಟ್ಟೆಯ ಕಡೆಗೆ ಚಾಚುತ್ತಾರೆ. ನನಗೂ ಒಂದು ಉಪಾಯ ಗೊತ್ತಿದೆ. ಮಿಷನ್ನನ್ನು ಮುಷ್ಟಿಯಲ್ಲಿ ಮುಚ್ಚಿ ಹಿಡಿದರೆ, ಸೆಲ್ ಬದುಕಿದ್ದರೆ ಕುಂಯ್ ಅನ್ನಲೇಬೇಕು. ಮೊದಮೊದಲು ಹಿಡಿದೆ, ಅಂದಿತು, ಹೋಳಿಗೆ ತಟ್ಟೆ ಒಳಗೆ ಹೋಯಿತು. ಈಗ ಮಾವ ಕೈಗೆ ಕೊಡುವ ಮೊದಲೇ ಉಗುರಿನಲ್ಲಿ ಸೆಲ್ಲಿನ ಬಾಗಿಲು ತೆರೆದಿರುತ್ತಾರೆ. ಕೆಇಬಿಯವರಿಗೆ ಫ್ಯೂಸ್ ಕೀಳುವುದನ್ನು ಯಾರಾದರೂ ಹೇಳಿಕೊಡಬೇಕಾ?