ಸತ್ಯಾಂಶ: ಹಳೇ ಕಥೆಯ ಹುಡುಗಿಯರು ಬರೀ ಅಳುಬುರುಕಿಯರಾ?

"ಹಳೇ ಯುರೋಪಿನ ಮಕ್ಕಳ ಕಥೆಗಳಲ್ಲಿ ಹುಡುಗಿಯರು ಅಳುತ್ತಾ ಕೂರುತ್ತಾರೆ, ಗಂಡಸು ಬಂದು ಕಾಪಾಡಬೇಕು. ಗಟ್ಟಿಗಿತ್ತಿಯರು ಬಂದಿದ್ದು ಈಚಿನ ಸಿನಿಮಾಗಳಿಂದ." ಹೀಗೊಂದು ಮೆಸೇಜ್ ಓಡಾಡುತ್ತಿದೆ. ಇದು ಸರಿಯಲ್ಲ.

ಕೆಂಪು ಟೋಪಿ ಹುಡುಗಿಯ ಕಥೆ ಗೊತ್ತಲ್ವಾ? ತೋಳ ನುಂಗುತ್ತದೆ, ಬೇಟೆಗಾರ ಬಂದು ಬಿಡಿಸುತ್ತಾನೆ. ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ತಮ್ಮ ಕಥಾ ಸಂಕಲನದಲ್ಲಿ ಅಚ್ಚು ಹಾಕಿಸಿದ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಮುಂದೆ ಇನ್ನೊಂದು ತೋಳ ಬರುತ್ತದೆ. ಈ ಸಲ ಹುಡುಗಿ ಅದರ ಮಾತಿಗೆ ಮರುಳಾಗುವುದಿಲ್ಲ. ನೇರ ಅಜ್ಜಿ ಮನೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಾಳೆ. ತೋಳ ಮಾಡು ಹತ್ತಿ ಹೊಂಚು ಹಾಕುತ್ತದೆ. ಅಜ್ಜಿ ಹೇಳಿದಂತೆ ಹುಡುಗಿ ಸಾಸೇಜ್ (ಮಾಂಸದ ತಿನಿಸು) ಬೇಯಿಸಿದ ನೀರನ್ನು ಹೊತ್ತು ತಂದು, ಮನೆ ಮುಂದಿನ ಕಲ್ಲುಬಾನಿಗೆ ತುಂಬುತ್ತಾಳೆ. ಆ ಘಮಕ್ಕೆ ಕತ್ತು ಚಾಚಿದ ತೋಳ ಜಾರಿ ಬಾನಿಗೆ ಬಿದ್ದು ಸಾಯುತ್ತದೆ. ಬೇಟೆಗಾರನ ಸುಳಿವೇ ಇಲ್ಲ! ಮಕ್ಕಳ ಪುಸ್ತಕಗಳಲ್ಲಿ ಈ ಭಾಗವನ್ನು ಬಿಡುವುದೇ ಜಾಸ್ತಿ.

ಅದೇ ಸಂಕಲನದಲ್ಲಿ ಮಾಟಗಾತಿಯನ್ನು ಒಲೆಗೆ ನೂಕಿ ಅಣ್ಣನನ್ನು ಬಿಡಿಸುವವಳು ಗ್ರೇಟಲ್. ಡೆನ್ಮಾರ್ಕಿನ ಕಥೆಗಾರ ಆಂಡರ್ಸನ್ 1844ರಲ್ಲಿ ಬರೆದ ಹಿಮರಾಣಿಯ ಕಥೆಯಲ್ಲೂ ಗೆಳೆಯ ಕಾಯ್‌ನನ್ನು ಹುಡುಕಿ ತರುವವಳು ಗೆರ್ಡಾ.

ಮೆಸೇಜ್ ಪೂರ್ತಿ ಸುಳ್ಳೂ ಅಲ್ಲ. ಫ್ರಾನ್ಸಿನ ಲೇಖಕ ಪೆರೋನ 1697ರ ಪುಸ್ತಕದಲ್ಲಿ ಕೆಂಪು ಟೋಪಿ ಹುಡುಗಿಯನ್ನು ತೋಳ ತಿಂದುಬಿಡುತ್ತದೆ, ಕಥೆ ಅಲ್ಲಿಗೇ ಮುಗಿಯುತ್ತದೆ.